ಹೊನ್ನೂರಮ್ಮನ ಕಂಠ

ಬಂಡ್ರಿಯ ಹೊನ್ನೂರಮ್ಮನಿಗೆ ಆಸ್ತಿ ಅಂತ ಇದ್ದದ್ದು ಕಂಠವೊಂದೇ. ಮೈಬಣ್ಣ ಸಂಡೂರು ಗುಡ್ಡದ ಅದಿರಿನಂಥದು, ಓದು ಮೂರನೇ ಇಯತ್ತೆಗೆ ನಿಂತದ್ದು, ರೂಪ ಎದ್ದು ಹೇಳುವಂಥದಲ್ಲ. ಆದರೆ ಅವಳು ಗುಡ್ಡದ ಈ ಮಗ್ಗುಲಲ್ಲಿ ನಿಂತು "ಯಪ್ಪಾ, ಬುತ್ತಿ ತಂದೀನಿ" ಅಂತ ಕೂಗಿದರೆ ಸಾಕು, ಆ ಮಗ್ಗುಲಲ್ಲಿ ಅದಿರು ಅಗೆಯುತ್ತಿದ್ದ ಆಳುಗಳೆಲ್ಲ ಹಾರೆ ಕೆಳಗಿಟ್ಟು ತಮ್ಮ ತಮ್ಮ ಬುತ್ತಿ ಬಿಚ್ಚುತ್ತಿದ್ದರು. ಮೇಸ್ತ್ರಿ ಮಧ್ಯಾಹ್ನದ ಸೀಟಿ ಊದುವುದನ್ನೇ ಬಿಟ್ಟಿದ್ದ.

ಅದೇ ಗುಡ್ಡ ಒಂದು ಮಳೆಗಾಲದಲ್ಲಿ ಕುಸಿದು ಅಪ್ಪ ಹೋದ. ತಾಯಿ ಎಲ್ಲಮ್ಮ ಮಗಳನ್ನು ಕರೆದುಕೊಂಡು ಹೊಸಪೇಟೆಗೆ ಬಂದು ಕಬ್ಬು ಕಡಿಯುವ ಕೂಲಿಗೆ ಹೊಂದಿಕೊಂಡಳು. ಅವರ ಗುಡಿಸಲಿನ ಎದುರಿಗೆ ಕಾಳಪ್ಪ ಮಾಸ್ತರರ ಮನೆ. ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ಹಳ್ಳಿ ಹಳ್ಳಿಗೆ ಹೋಗಿ ರೈತರಿಗೆ ನಾಟಕ ಕಲಿಸುವ ಮನುಷ್ಯ. ಒಂದು ಸಂಜೆ ಹುಡುಗಿ ತಪ್ಪಿಸಿಕೊಂಡ ಮೇಕೆಯನ್ನು ಕೂಗುತ್ತಿದ್ದದ್ದು ಅವರ ಕಿವಿಗೆ ಬಿತ್ತು. ಪೆಟ್ಟಿಗೆ ತೆಗೆದು, ಆ ಕೂಗು ಯಾವ ಸ್ವರದ್ದು ಅಂತ ಬೆರಳಿಟ್ಟು ಹುಡುಕಿದರು. ಸಿಕ್ಕ ಮೇಲೆ ರಸ್ತೆ ದಾಟಿ ಬಂದರು.

"ಎಲ್ಲಮ್ಮ, ನಿನ್ ಮಗಳನ್ನ ಕೊಡ್ತೀಯೇನಬೇ?"

"ನಿಮಗಾ? ಕನ್ನಡಿಯಾಗ ಹಲ್ಲು ನೋಡ್ಕಂಡು ಬಂದೀರೇನ್ರಿ ಮಾಸ್ತರ?"

"ಏ, ನನಗಲ್ಲ, ನಾಟಕಕ್ಕ."

"ನಾಟಕಕ್ಕ ಕೊಟ್ರ ಆಕಿಗೆ ಮದುವಿ ಆಗಂಗಿಲ್ಲ ಬಿಡ್ರಿ."

"ಸ್ಟೇಜಿನ ಮ್ಯಾಲೆ ವಾರಕ್ಕೊಂದು ಆಕ್ಕಾವಲ್ಲ, ಸಾಲಂಗಿಲ್ಲೇನು?"

ಎಲ್ಲಮ್ಮ ನಕ್ಕಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಆಮೇಲೆ ಕೊಟ್ಟಳು.

ಮಾಸ್ತರ ಪಾಠಶಾಲೆ ಎಂದರೆ ಕಾಲುವೆ ದಂಡೆ. ಹುಡುಗಿ ಈ ದಂಡೆಯ ಮೇಲೆ, ಮಾಸ್ತರು ಆ ದಂಡೆಯ ಮೇಲೆ. ನಡುವೆ ತುಂಗಭದ್ರೆಯ ನೀರು ಭೋರಿಟ್ಟು ಹರಿಯುತ್ತಿರುತ್ತಿತ್ತು. ಮಾತು ನೀರು ದಾಟಿ ಬರಬೇಕು. ಬರದಿದ್ದರೆ ಮಾಸ್ತರು ಕಿವಿಯ ಹತ್ತಿರ ಕೈಯಾಡಿಸುತ್ತಿದ್ದರು. "ಚೀರಬ್ಯಾಡ, ಚೀರಿದ್ರ ಹರಕು ಅರಿವಿ ಆಕ್ಕತಿ ದನಿ. ಕಳಸು! ಹೊಟ್ಟಿಲಿಂದ ಎತ್ತಿ ನನ್ನ ಹತ್ರ ಕಳಸು!" ಒಂದು ವರ್ಷದಲ್ಲಿ ಅವಳು ಕಳಿಸುವುದನ್ನು ಕಲಿತಳು. ಹದಿನೈದು ದಾಟುವುದರೊಳಗೆ ನಾಟಕದ ಹಸ್ತಪತ್ರದ ಮೇಲೆ ಅವಳ ಹೆಸರು ಬಂತು: ಕುಮಾರಿ ನಳಿನಾಕ್ಷಿ, ಹೊಸಪೇಟೆ. ಹೆಸರು ಮಾಸ್ತರರದು. ಹೊನ್ನೂರಮ್ಮ ಅಂತ ಹಾಕಿದರೆ ಜನ ಅದೇ ಹೆಸರಿನ ದರ್ಗಾದ ಉರುಸು ಅಂದುಕೊಂಡು ಸಕ್ಕರೆ ಓದಿಸಲು ಬಂದಾರು ಅಂದಿದ್ದರು. ಹಸ್ತಪತ್ರ ಏನೇ ಹೇಳಲಿ, ಊರವರ ಬಾಯಲ್ಲಿ ಅವಳು ಹೊನ್ನೂರಮ್ಮನಾಗಿಯೇ ಉಳಿದಳು.

ಆಗಿನ ಕಾಲ ಎಂಥದು ಅಂತೀರಿ! ಅಣೆಕಟ್ಟಿನ ನೀರು ಹೊಲಕ್ಕೆ ಬಂದು ಜೋಳ ತಿನ್ನುತ್ತಿದ್ದ ಊರುಗಳು ನೆಲ್ಲು ಅಳೆಯತೊಡಗಿದ್ದವು. ಕಂಪ್ಲಿಯಲ್ಲಿ ಅಕ್ಕಿ ಗಿರಣಿಗಳು ಹಗಲೂ ರಾತ್ರಿ ಹೊಗೆ ಬಿಡುತ್ತಿದ್ದವು. ಎಮ್ಮಿಗನೂರು, ಬುಕ್ಕಸಾಗರ, ಎಲ್ಲಿ ನೋಡಿದರೂ ಹೊಸ ಹೆಂಚು, ಹೊಸ ಟ್ರ್ಯಾಕ್ಟರು. ಹೊಟ್ಟೆ ತುಂಬಿದ ರೈತನಿಗೆ ಕಿರೀಟ ಬೇಕಾಯಿತು. ಕೊಯ್ಲು ಮುಗಿದು ಕಾಲುವೆ ನೀರು ನಿಂತ ತಿಂಗಳಲ್ಲಿ ಪ್ರತಿ ಊರಿನಲ್ಲೂ ನಾಟಕ. ಗಂಡಸರ ಪಾತ್ರಗಳೆಲ್ಲ ಊರವರವು, ಖರ್ಚಿಗೆ ಹೆಚ್ಚು ಹಾಕಿದವನೇ ನಾಯಕ. ಹೆಣ್ಣು ಪಾತ್ರಕ್ಕೆ ಮಾತ್ರ ಹೊಸಪೇಟೆಯಿಂದ ಹೆಣ್ಣುಮಕ್ಕಳು ಬರಬೇಕು. ಊರಿನ ಇಬ್ಬರು ಹಿರಿಯರು ಮನೆಗೆ ಬಂದು, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಮುಂದೆ ಸರಿಸುತ್ತಾರೆ. ಕೈಯಲ್ಲಿ ಎಲೆ ಹಿಡಿದಳೋ ಮುಗಿಯಿತು. ಮನೆಗೆ ಬೆಂಕಿ ಬಿದ್ದರೂ ಆ ದಿನ ಆ ಊರಿನಲ್ಲಿ ಮುಖಕ್ಕೆ ಬಣ್ಣ ಹಚ್ಚಿರಬೇಕು. ಎಲ್ಲಮ್ಮ ಸತ್ತ ದಿನ ಹೊನ್ನೂರಮ್ಮ ಎಮ್ಮಿಗನೂರಿನ ಎಲೆ ಹಿಡಿದಿದ್ದಳು. ಮಧ್ಯಾಹ್ನ ತಾಯಿಯನ್ನು ಮಣ್ಣು ಮಾಡಿ ಸಂಜೆಯ ಬಸ್ಸಿಗೆ ಹೋದಳು. ಅವತ್ತು ನಾಟಕದಲ್ಲಿ ಮದುವೆಯ ದೃಶ್ಯವಿತ್ತು, ಮದುಮಗಳಾಗಿ ನಕ್ಕಳು.

ತಾಯಿ ಹೋದ ಮೇಲೆ ಮನೆಗೆ ಜೊತೆಯಾದವಳು ತಾಯಕ್ಕ. ಹಾಸ್ಯದ ಪಾತ್ರ ಮಾಡುವ ದಪ್ಪ ಹೆಂಗಸು, ಹೊನ್ನೂರಮ್ಮನಿಗಿಂತ ಹತ್ತು ವರ್ಷ ದೊಡ್ಡವಳು. ಹೊಗೆಸೊಪ್ಪಿನ ಕಡ್ಡಿಪುಡಿ ತಿಂದು ತಿಂದು ದನಿ ಒಡೆದ ಮಡಕೆಯಾಗಿತ್ತು. ಅವಳು ಬಾಯಿ ತೆರೆದರೇ ಜನ ನಗುತ್ತಿದ್ದರು. ಅದೇ ಅವಳ ಅನ್ನ.

ಎಮ್ಮಿಗನೂರಿನ ಖಾಯಂ ನಾಯಕ ಮರುಳಸಿದ್ದಪ್ಪ ಸಾವ್ಕಾರ. ಕಂಪ್ಲಿಯಲ್ಲಿ ಅವನದೊಂದು ಗಿರಣಿ. ಎತ್ತರದ ಆಳು, ಕೊಂಕಿದ ಮೀಸೆ, ವೇಷ ಹಾಕಿದರೆ ರಾಜನೇ. ಆದರೆ ಮಾತು ನೆನಪಿರುತ್ತಿರಲಿಲ್ಲ. ಹೊನ್ನೂರಮ್ಮ ಅವನ ಎದೆಗೆ ತಲೆಯೊರಗಿಸಿದಂತೆ ಮಾಡಿ, ತುಟಿ ಅಲ್ಲಾಡಿಸದೆ ಹಲ್ಲಿನ ಸಂದಿನಿಂದ ಅವನ ಮಾತನ್ನು ಅವನಿಗೆ ಹೇಳಿಕೊಡುತ್ತಿದ್ದಳು, ಅವನು ಗುಡುಗುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಮೇಲೆ ಹೀಗೇ ನಡೆಯಿತು.

ಪ್ರತಿ ಆಟದ ಮಾರನೆಯ ಬೆಳಿಗ್ಗೆ ಸಾವ್ಕಾರನ ಹೆಂಡತಿ ಹಂಪಮ್ಮ ಮನೆಗೆ ಕರೆದು ಉಡಿ ತುಂಬುವಳು. ಅಕ್ಕಿ, ಕೊಬ್ಬರಿ ಬಟ್ಟಲು, ಕುಬುಸದ ಕಣ. ಬಾಯಿ ಮಾತ್ರ ಖಾರ.

"ನನ್ನ ಗಂಡನ್ನ ಒಂದಿನ ಇಟ್ಕಂಡು ವಾಪಸ್ ಕೊಡ್ತೀಯಲ್ಲ ಹೊನ್ನೂರಿ, ದೊಡ್ಡ ಗುಣ ನಿಂದು."

"ಇಟ್ಕಳ್ಳಾಕ ಏನೈತ್ರಿ ಅಕ್ಕ? ಎರಡು ಮಾತು ನೆಪ್ಪಿಟ್ಕಳ್ಳಲ್ಲ."

"ಮನಿಯಾಗೂ ಹಂಗ ನೋಡು. ಉಪ್ಪು ತರ್ರಿ ಅಂದ್ರ ಎಮ್ಮಿ ತಂದಾನ!"

ಮೈಕು ಬಂದದ್ದು ನಡುವೆ ಎಲ್ಲೋ. ಮೊದಲಿಗೆ ಗ್ಯಾಸ್ ಬತ್ತಿಯ ಬೆಳಕಿನಲ್ಲಿ ಬರಿ ಗಂಟಲಿನಿಂದಲೇ ಆಟ ನಡೆಯುತ್ತಿತ್ತು. ಆಮೇಲೆ ಕಂಪ್ಲಿಯ ಕೆಂಚಣ್ಣ ಮೈಕ್‌ಸೆಟ್ ಇಟ್ಟ. ಸ್ಟೇಜಿನ ಮೇಲೆ ತಂತಿಯಿಂದ ಮೈಕನ್ನು ತೂಗುಬಿಡುವುದು. ಅಳುವವರು, ನಗುವವರು, ಸಾಯುವವರು ಎಲ್ಲರೂ ಅದರ ಕೆಳಗೇ ಬರಬೇಕು. ಹೊನ್ನೂರಮ್ಮನೂ ಒಗ್ಗಿಕೊಂಡಳು. ಹೊಟ್ಟೆಯಿಂದ ಎತ್ತಿ ಕಳಿಸುವ ಕೆಲಸ ಮೈಕಿನ ಪಾಲಾಯಿತು. ಜನವೂ ಬೆಳೆದರು, ಐದು ಊರಿನವರು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬರುತ್ತಿದ್ದರು. ಕಾಳಪ್ಪ ಮಾಸ್ತರು ಸಾಯುವ ಮುಂಚೆ ಒಮ್ಮೆ, "ನೀ ದನಿ ಮ್ಯಾಲೆ ನಿಲ್ಲಾದು ಬಿಟ್ಟು ಆ ತಂತಿಗೆ ಜೋತು ಬಿದ್ದೀ" ಅಂದಿದ್ದರು. ಅವಳು ನಕ್ಕಿದ್ದಳು.

ಹೀಗಿರುವಾಗ ಟೀವಿಯವರು ಬಂದರು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬೆಂಗಳೂರಿನಿಂದ ಒಂದು ತಂಡ ಹಂಪಿಯಲ್ಲಿ ಧಾರಾವಾಹಿ ತೆಗೆಯಲು ಬಂದು ಹೊಸಪೇಟೆಯ ಲಾಡ್ಜಿನಲ್ಲಿ ಇಳಿಯಿತು. ಕಲ್ಲುಮಂಟಪದ ಪಕ್ಕ ಚಹದಂಗಡಿ ಇಟ್ಟ ವಿಧವೆಯ ಪಾತ್ರ. ಈ ಕಡೆಯದೇ ಮುಖ ಬೇಕಂತೆ. ಯಾರೋ ಹೊನ್ನೂರಮ್ಮನ ಹೆಸರು ಹೇಳಿದರು. ನಿರ್ದೇಶಕ ಗಡ್ಡದ ಹುಡುಗ, ಒಳ್ಳೆಯವನು. ಮೊದಲ ದಿನ ಅವಳು ಮಂಟಪದ ಮುಂದೆ ನಿಂತು ಮಾತು ಶುರುಮಾಡಿದಾಗ ಗೋಪುರದ ಮೇಲಿನ ಪಾರಿವಾಳಗಳೆಲ್ಲ ಎದ್ದು ಹಾರಿದವು.

"ಅಮ್ಮಾ, ಸ್ವಲ್ಪ ಕಡಿಮೆ ಮಾಡಿ" ಅಂದ ಹುಡುಗ.

ಕಡಿಮೆ ಮಾಡಿದಳು.

"ಇನ್ನೂ ಕಡಿಮೆ. ಪಕ್ಕದಲ್ಲಿ ಕೂತ ಮಗನ ಜೊತೆ ಮಾತಾಡೋ ಥರ."

ಅವಳಿಗೆ ಮಗನಿರಲಿಲ್ಲ. ಆದರೂ ಬುತ್ತಿಯ ಗಂಟು ಬಿಚ್ಚುತ್ತ ಕುಳಿತ ಅಪ್ಪನನ್ನು ನೆನೆದು ಮಾತಾಡಿದಳು. ಗಡ್ಡದ ಹುಡುಗ ಬಂದು ಅವಳ ಕೈ ಹಿಡಿದ. ಇಷ್ಟು ವರ್ಷ ಸಾವಿರ ಜನರಿಗೆ ಹೇಳುತ್ತಿದ್ದದ್ದನ್ನು ಒಬ್ಬನಿಗೆ ಹೇಳಿದರೂ ನಾಟಕವೇ ಅಂತ ಅವಳಿಗೆ ಅವತ್ತು ಗೊತ್ತಾಯಿತು. ಮನೆಗೆ ಬಂದು ತಾಯಕ್ಕನ ಮುಂದೆ ಕುಳಿತು, "ಅಕ್ಕಾ, ನಾ ಇವತ್ತು ಹೊಸ ವಿದ್ಯೆ ಕಲ್ತೆ" ಅಂದಳು.

"ಏನ ಕಲ್ತಿ?"

"ಸುಮ್ಕ ಇರಾದು."

"ಅದನ್ನ ಕಲಿಸಾಕ ಬೆಂಗ್ಳೂರಿಂದ ಬರಬೇಕಾತೇನು? ನಾ ದಿನಾ ಹೇಳ್ತೀನಿ, ಬಾಯಿ ಮುಚ್ಚು ಅಂತ!"

ಚಿತ್ರೀಕರಣದ ಜಾಗದಲ್ಲಿ ಮೈಕು ಎಲ್ಲೂ ಕಾಣಲಿಲ್ಲ. ಕೇಳಿದರೆ, ಮಾತನ್ನು ಆಮೇಲೆ ಬೆಂಗಳೂರಿನಲ್ಲಿ ಹಾಕುತ್ತೇವೆ ಅಂದರು. ಕರೆಯುತ್ತಾರೆ ಅಂತ ಅವಳು ಒಳ್ಳೆಯದೊಂದು ಇಳಕಲ್ಲ ಸೀರೆ ತೆಗೆದಿಟ್ಟು ಕಾದಳು. ಕರೆ ಬರಲಿಲ್ಲ. ಧಾರಾವಾಹಿಯೇ ಬಂತು.

ಮೊದಲ ಕಂತಿನ ಸಂಜೆ ಮರುಳಸಿದ್ದಪ್ಪ ಕಂಪ್ಲಿಯ ತನ್ನ ಗಿರಣಿಯ ಮುಂದಿನ ಕಟ್ಟೆಯ ಮೇಲೆ ಕಲರ್ ಟೀವಿ ಇಡಿಸಿದ. ಓಣಿ ತುಂಬ ಚಾಪೆ. ಮುಂದೆ ಒಂದು ಕುರ್ಚಿ, ಅದರಲ್ಲಿ ಹೊನ್ನೂರಮ್ಮ, ಕೊರಳಲ್ಲಿ ಸೇವಂತಿಗೆ ಹಾರ. ಅವಳ ಮುಖ ತೆರೆಯ ಮೇಲೆ ಬಂದದ್ದೇ ತಡ ಸಿಳ್ಳೆ ಹಾರಿದವು. ಆ ಮುಖ ಬಾಯಿ ತೆರೆಯಿತು. ಬಂದದ್ದು ಬೇರೆ ಯಾರದೋ ದನಿ! ಸಣ್ಣಗೆ, ತೆಳ್ಳಗೆ, ಹಾಲಿಗೆ ನೀರು ಬೆರೆಸಿದಂಥ ದನಿ. "ಬಾಪ್ಪಾ, ಕೂತ್ಕೋ, ಕಾಫಿ ಕುಡಿ" ಅನ್ನುವ ಬೆಂಗಳೂರಿನ ಮಾತು.

ಚಾಪೆಗಳ ಮೇಲೆ ಮಾತು ಎದ್ದವು.

"ಲೇ, ಯಾರ ದನಿಲೇ ಅದು?"

"ಹೊನ್ನೂರಮ್ಮ, ನಿನ್ ಕಂಠ ಎಲ್ಲಿ ಬಿಟ್ಟು ಬಂದಿ? ಬಸ್ಸಿನ್ಯಾಗ?"

ಎಲ್ಲರೂ ನಕ್ಕರು. ಹೊನ್ನೂರಮ್ಮನೂ ನಗಲು ನೋಡಿದಳು. ತೆರೆಯ ಮೇಲಿನ ಕೈ ಅವಳದು, ಕಣ್ಣು ಅವಳದು, ಚಹ ಸೋಸುವ ಗತ್ತೂ ಅವಳದೇ. ಬಾಯಿ ತೆರೆದಾಗಲೆಲ್ಲ ಇನ್ನೊಬ್ಬಳು. ಹಾರದೊಳಗಿನ ಹುಳವೊಂದು ಕುತ್ತಿಗೆಯ ಮೇಲೆ ಹರಿದಾಡುತ್ತಿದ್ದರೂ ಕೈಯೆತ್ತಿ ಕೊಡವಿಕೊಳ್ಳಲಿಲ್ಲ.

ಅದು ಅವತ್ತಿನ ನಗೆಗೇ ಮುಗಿದಿದ್ದರೆ ಚೆನ್ನಾಗಿತ್ತು. ಕಾಲುವೆಯ ಊರುಗಳಲ್ಲಿ ಜನರಿಗೆ ಟೀವಿ ಎಂದರೆ ಸರಕಾರವಿದ್ದ ಹಾಗೆ. ಅಂಥ ಟೀವಿಯವರು ಒಬ್ಬಳ ಮುಖ ಇಟ್ಟುಕೊಂಡು ದನಿ ತೆಗೆದು ಹಾಕಿದ್ದಾರೆ ಅಂದರೆ ಆ ದನಿಯಲ್ಲಿ ಏನೋ ಐಬು ಇರಲೇಬೇಕಲ್ಲ? ವಾರ ಕಳೆಯುವುದರೊಳಗೆ ಹೊಸಪೇಟೆ ಸಂತೆಯಲ್ಲಿ ಮಾತು ಹುಟ್ಟಿತು. ಕಂಪ್ಲಿಗೆ ಹೋಗುವಷ್ಟರಲ್ಲಿ ಅದಕ್ಕೆ ಕೈಕಾಲು ಬಂದಿತ್ತು. ಹೊನ್ನೂರಮ್ಮನ ಕಂಠ ಬಿದ್ದಿದೆಯಂತೆ. ಟೀವಿಯವರು ಯಂತ್ರ ಹಚ್ಚಿ ನೋಡಿದರಂತೆ, ಗಂಟಲಲ್ಲಿ ಗಂಟು ಸಿಕ್ಕಿತಂತೆ.

ಅವಳು ಹೇಳಿ ನೋಡಿದಳು. "ಟೀವಿಯಾಗ ಎಲ್ಲರಿಗೂ ಹಂಗ ಮಾಡ್ತಾರ" ಅಂದರೆ, "ಹೌದೌದು ತಂಗಿ" ಅಂತ ತಲೆಯಾಡಿಸಿದರು. ಮಾರ್ಕೆಟ್ಟಿನಲ್ಲಿ ಬದನೆಕಾಯಿ ಮಾರುವ ಭರಮಮ್ಮ, "ಮಾತೇನೋ ಬರ್ತೈತಬೇ ನಿನಗ, ಹಾಡು ಹೋಗೇತಂತಲ್ಲ?" ಅಂತ ಕೇಳಿದಾಗ ಹೊನ್ನೂರಮ್ಮ ಚೀಲ ಕೆಳಗಿಟ್ಟು ಅಲ್ಲೇ ನಿಂತು ಒಂದು ಸೊಲ್ಲು ಹಾಡಿಯೇ ಬಿಟ್ಟಳು. ತಕ್ಕಡಿಗಳೆಲ್ಲ ನಿಂತವು. ಮುಗಿದ ಮೇಲೆ ಭರಮಮ್ಮ ಎರಡು ಬದನೆಕಾಯಿ ಹೆಚ್ಚಿಗೆ ಹಾಕಿ ಕಣ್ಣೊರೆಸಿಕೊಂಡಳು. "ಪಾಪ, ಎಷ್ಟು ತ್ರಾಸ್ ಮಾಡ್ಕಂಡು ಹಾಡ್ತೀಯವ್ವ."

ಆ ಸುಗ್ಗಿಯಲ್ಲಿ ಅವಳ ಬಾಗಿಲಿಗೆ ಎಲೆ ಬರಲಿಲ್ಲ. ಹೊರಗೆ ಯಾರಾದರೂ ಕೆಮ್ಮಿದರೆ ಎದ್ದು ಸೆರಗು ಸರಿಮಾಡಿಕೊಳ್ಳುವಳು. ಹಾದು ಹೋಗುವವರು ಹಾದು ಹೋಗುವರು. ಅವಳು ಮಾಡುತ್ತಿದ್ದ ಪಾತ್ರಗಳು ಗದಗಿನ ಕಡೆಯ ಹೊಸ ಹುಡುಗಿಯರಿಗೆ ಹೋದವು. ತಾಯಕ್ಕನಿಗೆ ಮಾತ್ರ ಕರೆ ಬರುತ್ತಿತ್ತು. ಒಡೆದ ಮಡಕೆಗೆ ಇನ್ನೇನು ಒಡೆಯುವುದಿರುತ್ತದೆ?

ಮುಂದಿನ ಸುಗ್ಗಿಗೆ ಅವಳೇ ಎಮ್ಮಿಗನೂರಿಗೆ ಹೋದಳು. ಕರೆಯದೆ ಹೋಗುವುದು ಅವರ ಕಸುಬಿನಲ್ಲಿ ನಡೆಯುವ ರೀತಿಯಲ್ಲ. ಮರುಳಸಿದ್ದಪ್ಪ ಕಣದಲ್ಲಿ ನೆಲ್ಲಿನ ರಾಶಿಯ ಪಕ್ಕ ಕುಳಿತಿದ್ದ.

"ಸಾವ್ಕಾರ್ರ, ಒಂದು ನಾಟಕ ಕೊಡ್ರಿ ನನಗ. ಅಕ್ಕಿಗಲ್ಲ, ಜ್ವಾಳಕ್ಕಲ್ಲ. ನನ್ನ ಕಂಠ ನನ್ನ ಹತ್ರ ಐತಿ ಅಂತ ಮಂದಿ ಒಮ್ಮಿ ಕೇಳಬೇಕು. ಕೇಳಿದ ಮ್ಯಾಲೆ ಕರೀಲಿಲ್ಲ ಅಂದ್ರ ನಾ ಬಾಯಿ ತೆರಿಯಂಗಿಲ್ಲ."

ಮರುಳಸಿದ್ದಪ್ಪ ನೆಲ್ಲನ್ನು ಬೊಗಸೆಯಲ್ಲಿ ಎತ್ತಿ ಸುರಿದ. "ಮಂದಿ ಬ್ಯಾಡ ಅಂತಾರ ಹೊನ್ನೂರಮ್ಮ. ಆದ್ರ ನೀ ಬಾ. ನಾ ಅದೀನಿ."

ಆ ಎರಡು ಮಾತು ಅವಳಿಗೆ ಸಾಕಾಯಿತು. ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕುತ್ತ ಬಂದಳು. ಇಷ್ಟು ವರ್ಷದಲ್ಲಿ ಆ ಮನುಷ್ಯ ಯಾರೂ ಹೇಳಿಕೊಡದೆ ಆಡಿದ ಮೊದಲ ಮಾತು ಅದು.

ನಾಟಕದ ಹೆಸರು 'ಕಾಲುವೆ ಗೌಡನ ಸೊಸೆ'. ಗಂಡ ಅನುಮಾನಪಟ್ಟು ಹೆಂಡತಿಯನ್ನು ಹೊಸಲಾಚೆ ತಳ್ಳುತ್ತಾನೆ; ಅವಳು ಬಾಗಿಲಲ್ಲಿ ನಿಂತು ಹಾಡುತ್ತಾಳೆ. ಅದೇ ನಾಟಕದ ಜೀವ. ಆಟದ ದಿನ ಎಮ್ಮಿಗನೂರಿನ ಬಯಲು ಹಿಂದೆಂದೂ ಇಲ್ಲದಷ್ಟು ತುಂಬಿತ್ತು. ಅರ್ಧ ಮಂದಿ ನಾಟಕ ನೋಡಲು ಬಂದವರು, ಅರ್ಧ ಮಂದಿ ಬಿದ್ದ ಕಂಠ ನೋಡಲು ಬಂದವರು.

ಮೈಕಿನ ಕೆಳಗೆ ಬಂದು ಅವಳು ಹಾಡು ಎತ್ತಿದಳು. ಎರಡು ವರ್ಷ ಒಳಗೇ ಕೊಳೆಯುತ್ತಿದ್ದದ್ದೆಲ್ಲ ಆ ಹಾಡಿನಲ್ಲಿ ಬಂತು. ಹಾರ್ಮೋನಿಯಂನವನು ಬೆರಳು ನಿಲ್ಲಿಸಿ ಬರೀ ಶ್ರುತಿ ಹಿಡಿದ. ಪಕ್ಕದಲ್ಲೇ ನಿಂತಿದ್ದ ಮರುಳಸಿದ್ದಪ್ಪ ತಾನು ಸಿಟ್ಟಿನ ಗಂಡ ಎಂಬುದನ್ನು ಮರೆತು ಕಣ್ಣು ತುಂಬಿಕೊಂಡ. ಹಾಡು ಮುಗಿಯಿತು. ಬಯಲು ಗಪ್ಪಾಯಿತು. ಒನ್ಸ್‌ಮೋರ್ ಬರುತ್ತದೆ ಅಂತ ಅವಳು ಉಸಿರು ಬಿಗಿಹಿಡಿದಳು.

"ಯಾರ್ಲೇ ಹಾಡಿದ್ದು?" ಹಿಂದಿನಿಂದ ಒಂದು ದನಿ ಬಂತು.

"ಅದ ನಾನೂ ನೋಡಾಕತ್ತೀನಿ. ಬಿದ್ದ ಕಂಠ ಇಷ್ಟು ಚಂದ ಹಾಡ್ತೈತೇನು?"

"ಪರದೆ ಹಿಂದ ಯಾರನ್ನೋ ಕುಂದ್ರಿಸ್ಯಾರ! ಟೀವಿಯಾಗ ಮಾಡಿದಂಗ ಮಾಡ್ಯಾರ!"

"ಮೋಸ! ಮೋಸ!"

ಸಿಳ್ಳೆ ಎದ್ದವು. ಅವಳು ಮೈಕಿನ ಕೆಳಗೇ ನಿಂತು, "ನಾನಪಾ, ನಾನ ಹಾಡಿದ್ದು" ಅಂದಳು. ನಗೆ ಇನ್ನೂ ಜೋರಾಯಿತು. ಆಗ ಮರುಳಸಿದ್ದಪ್ಪ ಮುಂದೆ ಬಂದು ಕೈಯೆತ್ತಿದ. ಅವನ ಮನಸ್ಸಿನಲ್ಲಿ ಕೇಡಿರಲಿಲ್ಲ, ಆ ಮಾತು ಹೇಳಲೇಬೇಕು. "ಕೆಂಚಣ್ಣಾ, ಮೈಕ್ ಬಂದ್ ಮಾಡೋ! ಆಕಿ ಬರಿ ಗಂಟ್ಲಿಲಿ ಹಾಡ್ತಾಳ. ಕೇಳ್ರಿ!"

ಮೈಕು ನಿಂತಿತು. ಹೊನ್ನೂರಮ್ಮ ಅದೇ ಹಾಡು ಎತ್ತಿದಳು. ಮುಂದಿನ ಚಾಪೆಗಳ ಹೆಂಗಸರು ಕೇಳಿದರು. ಕೇಳಿ ಸೆರಗು ಬಾಯಿಗಿಟ್ಟುಕೊಂಡರು. ನಡುವಿನವರಿಗೆ ಅಷ್ಟಿಷ್ಟು ಕೇಳಿತು. ಅದರಾಚೆ ಟ್ರ್ಯಾಕ್ಟರುಗಳು, ಮಿರ್ಚಿ ಕರಿಯುವ ಬಾಣಲೆಗಳು, ಕೂಸುಗಳ ಅಳು, ಐದು ಊರಿನ ಗದ್ದಲ. ಅಲ್ಲಿಗೆ ಹೋಗಲಿಲ್ಲ. ಅವಳು ಹೊಟ್ಟೆಯಿಂದ ಎತ್ತಿದಳು. ತಂತಿಯ ಕೆಳಗೆ ನಿಂತು ಇಷ್ಟು ವರ್ಷ ಹಾಡಿದ ಹೊಟ್ಟೆ ಏಳಲಿಲ್ಲ. ಕಡೆಗೆ ಚೀರಿದಳು. ದನಿ ಹರಿಯಿತು.

"ಕೇಳವಲ್ದು!"

"ಮೈಕ್ ನಿಂತ್ರ ಹಾಡೂ ನಿಂತು ನೋಡ್ರಲೇ!"

ನಾಲ್ಕು ಪಡ್ಡೆಗಳು ಸ್ಟೇಜಿನ ಹಿಂದೆ ನುಗ್ಗಿದರು. ಅಲ್ಲಿ ಪರದೆಯ ಮರೆಯಲ್ಲಿ ಒಬ್ಬ ಹೆಂಗಸು ನಿಜಕ್ಕೂ ಕುಳಿತಿದ್ದಳು: ತನ್ನ ಪಾಳಿಗೆ ಕಾಯುತ್ತ, ಕಡ್ಡಿಪುಡಿ ತಿಕ್ಕುತ್ತ ಕುಳಿತಿದ್ದ ತಾಯಕ್ಕ. "ಸಿಕ್ಳು! ಸಿಕ್ಳು!" ಅಂತ ಕೂಗಿದ್ದು ಇಡೀ ಬಯಲಿಗೆ ಕೇಳಿಸಿತು. ತಾಯಕ್ಕ ಬೈದದ್ದು ಯಾರಿಗೂ ಕೇಳಿಸಲಿಲ್ಲ.

ಈಗ ಕಲ್ಲು ಬೀಳುವುದೊಂದು ಬಾಕಿ. ಹೊನ್ನೂರಮ್ಮ ಮರುಳಸಿದ್ದಪ್ಪನ ಮುಖ ನೋಡಿದಳು. ಅವನು ಅವಳ ಮಗ್ಗುಲಲ್ಲೇ ನಿಂತವನು, ಕುತ್ತಿಗೆಯ ನರ ಉಬ್ಬಿದ್ದನ್ನು ಕಣ್ಣಾರೆ ಕಂಡವನು. ಒಂದು ಮಾತು ಅವನ ಬಾಯಿಂದ ಬಂದರೆ ಊರು ಒಪ್ಪುತ್ತಿತ್ತು. ಕೆಂಚಣ್ಣ ಮೈಕು ಹಚ್ಚಿದ. ಮರುಳಸಿದ್ದಪ್ಪ ಕೈ ಮುಗಿದ.

"ಕೂಡಿದ ದೈವದ ಮಂದಿ ಶಾಂತ ಆಗಬೇಕು. ತಪ್ಪಾಗೈತಿ, ಒಪ್ಗಂತೀನಿ. ಹಿಂದ ಒಬ್ರು ಹಾಡ್ತಿದ್ರು. ಹೊನ್ನೂರಮ್ಮನ ಕಂಠ ಬಿದ್ದೈತಿ, ನಾವೇನ್ ಮಾಡಾನ? ಕಲಾವಿದೆ ಐತಿ ಪಾಪ, ನಡಸ್ಕಂಡು ಹೋಗ್ರಿ. ನಾಟಕ ನೋಡ್ರಿ."

ಬಯಲು ತಣ್ಣಗಾಯಿತು. ತಾವು ಹೇಳಿದ್ದೇ ನಿಜವಾಯಿತಲ್ಲ ಅಂತ ಎಲ್ಲರಿಗೂ ಸಮಾಧಾನ. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ನಾಟಕ ಬೆಳಗಿನವರೆಗೆ ಚೆನ್ನಾಗಿ ನಡೆಯಿತು. ಎಲೆ ಹಿಡಿದವಳು ನಡುವೆ ಬಿಟ್ಟು ಹೋಗುವಂತಿರಲಿಲ್ಲ. ಒಂದು ವ್ಯತ್ಯಾಸವಿತ್ತು. ಮರುಳಸಿದ್ದಪ್ಪ ಮಾತು ಮರೆತು ನಿಂತಾಗಲೆಲ್ಲ ಅವಳು ಅವನ ಎದೆಗೆ ತಲೆಯೊರಗಿಸಿ ತೆಪ್ಪಗಿದ್ದಳು. ಅವನು ಬೆವತು, ತಡವರಿಸಿ, ಬಾಯಿಗೆ ಬಂದದ್ದನ್ನು ಆಡಿದ.

ಬೆಳಿಗ್ಗೆ ಅವನು ಬಣ್ಣ ಒರೆಸಿಕೊಳ್ಳುತ್ತ ಬಂದ. "ನಾಟಕ ನಿಲ್ತಿತ್ತು ಹೊನ್ನೂರಮ್ಮ. ಊರ ಮರ್ಯಾದಿ ಹೋಗ್ತಿತ್ತು. ಅದಕ್ಕ ಅಂದೆ."

"ಚಲೋ ಅಂದ್ರಿ ಸಾವ್ಕಾರ್ರ. ಒಂದು ಅಕ್ಷರ ತಪ್ಪಲಿಲ್ಲ."

ಹಂಪಮ್ಮ ಅವತ್ತೂ ಉಡಿ ತುಂಬಿದಳು. ಅಕ್ಕಿ ಹಾಕುತ್ತ ಹಾಕುತ್ತ ಬಗ್ಗಿ ಕಿವಿಯಲ್ಲಿ ಕೇಳಿದಳು: "ನನ್ನಾಣಿ ಐತಿ, ಹೇಳು. ತಾಯಕ್ಕನ ಹಾಡಿದ್ದಾ? ಆಕಿಗೆ ಅಂಥಾ ಕಂಠ ಐತಂತ ನಮಗ ಗೊತ್ತಾ ಇರ್ಲಿಲ್ಲ ನೋಡು!"

ಹೊನ್ನೂರಮ್ಮ ಉಡಿ ಬಿಗಿಯಾಗಿ ಕಟ್ಟಿಕೊಂಡು ಬಸ್ಸು ಹತ್ತಿದಳು.

ಆಮೇಲೆ ಕಷ್ಟದ ದಿನಗಳು. ಲಾಡ್ಜಿನಲ್ಲಿ ಪಾತ್ರೆ ತೊಳೆದಳು, ಗಿರಣಿಯಲ್ಲಿ ನುಚ್ಚು ಕೇರಿದಳು. ಮರುವರ್ಷ ನೆಲ್ಲು ಕೊಯ್ಲಾಗುವ ಹೊತ್ತಿಗೆ ಒಂದು ಮಧ್ಯಾಹ್ನ ಬಾಗಿಲಲ್ಲಿ ಯಾರೋ ಕೆಮ್ಮಿದರು. ಬುಕ್ಕಸಾಗರದ ಉಜ್ಜಿನಪ್ಪ, ಕೈಯಲ್ಲಿ ಎಲೆ ಅಡಿಕೆಯ ತಟ್ಟೆ. ಹೊನ್ನೂರಮ್ಮ ಒದ್ದೆ ಕೈ ಒರೆಸಿಕೊಂಡು ಮುಂದೆ ಬಂದಳು. ಉಜ್ಜಿನಪ್ಪ ಅವಳನ್ನು ದಾಟಿ ಹೋಗಿ, ಗೋಡೆಗೆ ಒರಗಿದ್ದ ತಾಯಕ್ಕನ ಮುಂದೆ ತಟ್ಟೆ ಇಟ್ಟ.

"ತಾಯಕ್ಕಾರ, ನಮ್ಮ ನಾಯಕಿ ಹುಡುಗಿ ನೋಡಾಕ ಮಸ್ತ್ ಅದಾಳ, ದನಿ ಇಲ್ಲ. ಎಮ್ಮಿಗನೂರಾಗ ಹಿಂದ ಕುಂತು ಹಾಡಿದ್ರಲ್ಲ, ಹಂಗ ನಮ್ಮಲ್ಲಿ ಹಾಡಬೇಕು."

ತಾಯಕ್ಕ ಬಾಯಿಯ ಕಡ್ಡಿಪುಡಿ ನುಂಗಿಯೇ ಬಿಟ್ಟಳು. "ನಾನಾ? ನನ್ನ ದನಿ ಕೇಳಿದ್ರ ಎಮ್ಮಿ ಹಾಲು ಬಿಡಂಗಿಲ್ಲಪಾ! ಹಾಡಿದಾಕಿ ಇಕಿ, ಹೊನ್ನೂರಮ್ಮ, ಇಕಿನ್ನ ಕೇಳು!"

ಉಜ್ಜಿನಪ್ಪ ಕೈ ಮುಗಿದು ನಕ್ಕ. "ದೊಡ್ಡ ಕಲಾವಿದ್ರು ಹಿಂಗ ಅಂತಾರ. ಗೆಳತಿ ಮ್ಯಾಲೆ ಎಷ್ಟು ಜೀವ ನೋಡ್ರಿ ನಿಮಗ."

ತಾಯಕ್ಕ ಬೈಯಲು ಬಾಯಿ ತೆರೆದಳು. ಹೊನ್ನೂರಮ್ಮ ಅವಳ ತೋಳು ಹಿಡಿದಳು. ಮನೆಯಲ್ಲಿ ಎರಡು ದಿನದಿಂದ ನುಚ್ಚಿನ ಗಂಜಿ ನಡೆದಿತ್ತು. ಆದರೆ ತೋಳು ಹಿಡಿದದ್ದು ಬರೀ ಅದಕ್ಕಲ್ಲ. ಒಂದು ವರ್ಷದಿಂದ ಹಾಡದ ಗಂಟಲು ಒಳಗೊಳಗೇ ತುರಿಸುತ್ತಿತ್ತು.

"ತಗ ಅಕ್ಕ. ಎಲಿ ತಗ."

"ಹುಚ್ಚಿ ಅದಿಯೇನು?"

"ತಗ ಅಂದೆ."

ತಾಯಕ್ಕ ಎಲೆ ಹಿಡಿದಳು. ಉಜ್ಜಿನಪ್ಪ ಏಳುವಾಗ ಹೊನ್ನೂರಮ್ಮನ ಕಡೆ ತಿರುಗಿ, "ನೀವೂ ಜೋಡಿ ಬರ್ರಿ, ಅವರಿಗೆ ನೀರು ಗೀರು ಕೊಡಾಕ ಒಬ್ರು ಬೇಕಲ್ಲ" ಅಂದ. ಮರ್ಯಾದೆಯಿಂದಲೇ ಅಂದ.

ಹೀಗೆ ಬುಕ್ಕಸಾಗರದಲ್ಲಿ ಮುಂದೆ ಚೆಲುವೆ ಹುಡುಗಿ, ಹಿಂದೆ ಪರದೆಯ ಮರೆಯಲ್ಲಿ ಇಬ್ಬರು ಹೆಂಗಸರು. ಇಣುಕಿ ನೋಡುವ ಪಡ್ಡೆಗಳ ಕಾಟ ಇದ್ದದ್ದರಿಂದ ತಾಯಕ್ಕ ಕುರ್ಚಿಯ ಮೇಲೆ ನೆಟ್ಟಗೆ ಕುಳಿತಿದ್ದಳು, ಹೆಗಲ ಮೇಲೆ ಶಾಲು, ಊರವರು ಹೊದಿಸಿದ್ದು. ಅವಳ ಕಾಲ ಬಳಿ, ನೀರಿನ ತಂಬಿಗೆಯ ಪಕ್ಕ, ಮೈಕನ್ನು ತೊಡೆಯ ಮೇಲಿಟ್ಟುಕೊಂಡು ಹೊನ್ನೂರಮ್ಮ. ಮೊದಲ ಹಾಡಿಗೆ ಬಯಲು ಎದ್ದು ನಿಂತು ಒನ್ಸ್‌ಮೋರ್ ಕೂಗಿತು. ಅವಳು ಇನ್ನೊಮ್ಮೆ ಹಾಡಿದಳು. ಸ್ಟೇಜಿನ ಮೇಲೆ ಯಾರ್ಯಾರೋ ಹುಡುಗಿಗೆ ಹಾರ ಹಾಕಿದರು. ಹಿಂದಕ್ಕೂ ಬಂದು ತಾಯಕ್ಕನ ಕಾಲು ಮುಟ್ಟಿದರು.

ತಾಯಕ್ಕನ ಕಣ್ಣಲ್ಲಿ ನೀರು ಬಂತು. ಬಗ್ಗಿ ಪಿಸುಗುಟ್ಟಿದಳು: "ನನ್ನ ಕೈಲಿ ಆಗವಲ್ದು ಹೊನ್ನೂರಿ. ಈಗ ಎದ್ದು ಹೋಗಿ ಖರೇ ಹೇಳಿಬಿಡ್ತೀನಿ."

"ಹೇಳಿದ್ರ ನಂಬ್ತಾರೇನಕ್ಕ?"

ತಾಯಕ್ಕ ಶಾಲು ಸರಿಮಾಡಿಕೊಂಡು ಮತ್ತೆ ನೆಟ್ಟಗೆ ಕುಳಿತಳು. ಹಾರ್ಮೋನಿಯಂ ಮುಂದಿನ ಹಾಡಿಗೆ ಶ್ರುತಿ ಹಿಡಿಯಿತು. ಪರದೆಯ ಅಂಚಿನಲ್ಲಿ ಎರಡು ತಲೆಗಳು ಇಣುಕಿದವು. ಹೊನ್ನೂರಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಹಲ್ಲಿನ ಸಂದಿನಿಂದ ಹೇಳಿದಳು:

"ಬಾಯಿ ಆಡಸು ಅಕ್ಕ. ಹಾಡು ಬಂತು."